ವಾದಿರಾಜರು: ಪೀಠದ ಪಾಂಡಿತ್ಯ, ಮನೆಯ ಹಾಡು

ಹರಿದಾಸ ಪರಂಪರೆಯಲ್ಲಿ ವಾದಿರಾಜರಿಗೆ ಎರಡು ನೆಲೆಗಳಿವೆ. ಒಂದು ಮಠಾಧಿಪತಿಯದು, ಇನ್ನೊಂದು ಹಾಡುಗಾರನದು. ಅವರ ಜೀವನವನ್ನು ನಿರೂಪಿಸುವಾಗ ಮೊದಲನೆಯದಕ್ಕೆ ದೊರೆತಷ್ಟು ಮಹತ್ವ ಎರಡನೆಯದಕ್ಕೆ ದೊರೆತಿಲ್ಲ.

ಸಂಪ್ರದಾಯದ ಪ್ರಕಾರ ವಾದಿರಾಜರು 1480ರಲ್ಲಿ ಕುಂದಾಪುರ ಸೀಮೆಯ ಕುಂಭಾಸಿಗೆ ಸಮೀಪದ ಹೂವಿನಕೆರೆಯಲ್ಲಿ ಜನಿಸಿದರು. ಎಂಟನೆಯ ವಯಸ್ಸಿನಲ್ಲಿ ವಾಗೀಶತೀರ್ಥರಿಂದ ಸನ್ಯಾಸ ಸ್ವೀಕರಿಸಿ, ಆಗ ಕುಂಭಾಸಿ ಮಠವೆಂದು ಹೆಸರಾಗಿದ್ದ ಪೀಠವನ್ನು ಮುಂದೆ ಏರಿದರು. ಉಡುಪಿಯ ಅಷ್ಟಮಠಗಳಲ್ಲಿ ಒಂದಾದ ಈ ಪೀಠಕ್ಕೆ ಸೋದೆ ಮಠವೆಂಬ ಹೆಸರು ಬಂದುದು ಅವರ ಕಾಲದ ಸೋದೆಯ ಸಂಬಂಧದಿಂದ. ಅರಸಪ್ಪನಾಯಕನ ಆಶ್ರಯವಿದ್ದ ಆ ಊರು ಅವರ ಕಾರ್ಯಕ್ಷೇತ್ರವಾಯಿತು.

ಉಡುಪಿಯ ಕೃಷ್ಣನ ಪೂಜಾಧಿಕಾರವು ಎರಡು ತಿಂಗಳಿಗೊಮ್ಮೆ ಮಠದಿಂದ ಮಠಕ್ಕೆ ಸಾಗುತ್ತಿದ್ದಿತು. ಅದನ್ನು ಎರಡು ವರ್ಷಗಳ ಪರ್ಯಾಯವಾಗಿ ಮಾರ್ಪಡಿಸಿದವರು ವಾದಿರಾಜರು. 1522ರಿಂದ ಈ ಕ್ರಮ ಆರಂಭವಾಯಿತೆಂಬುದು ಪರಂಪರೆಯ ನಂಬಿಕೆ. ಸಂಸ್ಕೃತದಲ್ಲಿ ಅವರು ಹತ್ತೊಂಬತ್ತು ಸರ್ಗಗಳ 'ರುಕ್ಮಿಣೀಶವಿಜಯ'ವನ್ನೂ, ದ್ವೈತಸಿದ್ಧಾಂತವನ್ನು ಸಮರ್ಥಿಸುವ 'ಯುಕ್ತಿಮಲ್ಲಿಕಾ'ವನ್ನೂ ರಚಿಸಿದರು. ನಾಲ್ಕು ದಿಕ್ಕುಗಳ ಕ್ಷೇತ್ರಗಳನ್ನು ಸ್ತುತಿಸುವ 'ತೀರ್ಥಪ್ರಬಂಧ'ದಲ್ಲಿ ಕೊಲ್ಲೂರು, ಶಂಕರನಾರಾಯಣಗಳಂಥ ಹುಟ್ಟೂರಿನ ಆಸುಪಾಸಿನ ಕ್ಷೇತ್ರಗಳಿಗೂ ಸ್ಥಾನವಿದೆ.

ಪಂಡಿತವರ್ಗಕ್ಕೆ ಸಲ್ಲುವ ಈ ಕೃತಿಗಳ ಜೊತೆಯಲ್ಲಿಯೇ ಅವರು ಹಯವದನ ಎಂಬ ಅಂಕಿತದಿಂದ ಕನ್ನಡದಲ್ಲಿ ಕೀರ್ತನೆಗಳನ್ನು ಕಟ್ಟಿದರು. ದೀರ್ಘ ಹಾಡುಗಬ್ಬಗಳನ್ನೂ ರಚಿಸಿದರು. ವೇದಾಧ್ಯಯನಕ್ಕೆ ಅಧಿಕಾರವಿಲ್ಲವೆಂದು ದೂರವಿರಿಸಲ್ಪಟ್ಟ ಸ್ತ್ರೀಯರ ಕೊರಳಿಗೆ ತತ್ತ್ವವು ತಲುಪಿದುದು ಇವುಗಳ ಮೂಲಕ. 'ಲಕ್ಷ್ಮೀ ಶೋಭಾನೆ' ಇದಕ್ಕೆ ಉತ್ತಮ ನಿದರ್ಶನ. ಸಮುದ್ರಮಥನದಲ್ಲಿ ಉದಿಸಿದ ಲಕ್ಷ್ಮಿಯು ನೆರೆದ ದೇವತೆಗಳಲ್ಲಿ ಒಬ್ಬೊಬ್ಬರ ಕುಂದನ್ನು ಗುರುತಿಸಿ ಬಿಟ್ಟು, ಕೊನೆಗೆ ವಿಷ್ಣುವನ್ನು ವರಿಸುವುದು ಇದರ ವಸ್ತು. ಹರಿಸರ್ವೋತ್ತಮತ್ವವೆಂಬ ಸಿದ್ಧಾಂತವು ಇಲ್ಲಿ ತರ್ಕದಿಂದಲ್ಲ, ವಧುವಿನ ಆಯ್ಕೆಯಿಂದ ಸ್ಥಾಪಿತವಾಗುತ್ತದೆ. ಮದುವೆಯ ಹಾಡಾಗಿ ಅದು ಉಳಿದುಬಂದುದರ ಔಚಿತ್ಯವೂ ಇಲ್ಲಿಯೇ ಇದೆ.

1600ರಲ್ಲಿ ಸೋದೆಯಲ್ಲಿ ಅವರು ವೃಂದಾವನಸ್ಥರಾದರೆಂದು ಪರಂಪರೆ ಹೇಳುತ್ತದೆ. ನೂರಿಪ್ಪತ್ತು ವರ್ಷಗಳ ಈ ಆಯುಷ್ಯವನ್ನು ಚರಿತ್ರಕಾರನು ಎಚ್ಚರದಿಂದಲೇ ಸ್ವೀಕರಿಸಬೇಕು. ಅವರ ಸುತ್ತ ಬೆಳೆದ ಪವಾಡಕಥೆಗಳಿಗೂ ಈ ಮಾತು ಅನ್ವಯಿಸುತ್ತದೆ. ಆದರೆ ಹಾಡಿನ ಸಾಕ್ಷ್ಯವು ಬೇರೆ ಬಗೆಯದು. ಪರ್ಯಾಯದ ಮೆರವಣಿಗೆಗೆ ಚೆಂಡೆ ಬೇಕು, ಬ್ಯಾಂಡು ಬೇಕು, ಜನಸಂದಣಿ ಬೇಕು. ಶೋಭಾನೆಗೆ ಪಕ್ಕವಾದ್ಯವೂ ಬೇಡ. ನಾಲ್ವರು ಹೆಂಗಸರು ಕಲೆತರೆ ಸಾಕು. ಅದರ ಧಾಟಿ ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಸಾಗಿಬಂದಿದೆ. ವಾದಿರಾಜರ ಜೀವನಚರಿತ್ರೆಗೆ ಮಠದ ದಾಖಲೆಗಳಂತೆ ಈ ಕಂಠಪರಂಪರೆಯೂ ಆಕರವಾಗಬೇಕು. ಇಲ್ಲವಾದರೆ ಪೀಠಾಧಿಪತಿಯ ಚರಿತ್ರೆ ದೊರೆತೀತು, ಕವಿಯ ಚರಿತ್ರೆ ದೊರೆಯಲಾರದು.