ಆರು ಕೋಟಿ ಕಾರ್ಡುಗಳ ಹಾಲೆರಿತ್

ದ್ವಿತೀಯ ಪಿಯುಸಿ ಕಂಪ್ಯೂಟರ್ ಸೈನ್ಸ್‌ನಲ್ಲಿ ನಾವು ಎಸ್‌ಕ್ಯೂಎಲ್ ಕಲಿಯುತ್ತೇವೆ. ಲ್ಯಾಬ್‌ನಲ್ಲಿ ನಾವು ಮಾಡುವ ಟೇಬಲ್‌ಗಳಲ್ಲಿ ಹತ್ತು ಹದಿನೈದು ಸಾಲುಗಳಿರುತ್ತವೆ. ಕ್ವೆರಿ ಹೇಗೆ ಬರೆದರೂ ಉತ್ತರ ತಕ್ಷಣ ಬರುತ್ತದೆ. ಸಾಲುಗಳು ಆರು ಕೋಟಿ ಇದ್ದರೆ? ಕಂಪ್ಯೂಟರ್ ಹುಟ್ಟುವ ಮೊದಲೇ ಈ ಪ್ರಶ್ನೆಯನ್ನು ಎದುರಿಸಿದವರು ಹರ್ಮನ್ ಹಾಲೆರಿತ್.

ಅವರು ಹುಟ್ಟಿದ್ದು 1860ರ ಫೆಬ್ರವರಿ 29ರಂದು, ಅಮೆರಿಕದ ಬಫಲೋ ನಗರದಲ್ಲಿ. ತಂದೆ ತಾಯಿ ಜರ್ಮನಿಯಿಂದ ಬಂದವರು. 19ನೇ ವಯಸ್ಸಿಗೇ ಕೊಲಂಬಿಯಾದ ಗಣಿ ಶಾಲೆಯಲ್ಲಿ ಓದು ಮುಗಿಸಿ, ತಮ್ಮ ಪ್ರಾಧ್ಯಾಪಕರ ಮೂಲಕ 1880ರ ಜನಗಣತಿಯ ಕೆಲಸಕ್ಕೆ ಸೇರಿದರು. ಅಲ್ಲಿ ಗುಮಾಸ್ತರು ಗೀಟು ಹಾಕುತ್ತಾ ಕೈಯಿಂದಲೇ ಎಣಿಸುತ್ತಿದ್ದರು. ಹೊಸ ಪ್ರಶ್ನೆ ಬಂದಾಗಲೆಲ್ಲ ಅದೇ ಹಾಳೆಗಳನ್ನು ಮತ್ತೆ ಮೊದಲಿನಿಂದ ತಿರುವಬೇಕು. ಆ ಗಣತಿಯ ಕೆಲಸ ಏಳೆಂಟು ವರ್ಷ ಎಳೆಯಿತು. ಯಾವ ರಾಜ್ಯಕ್ಕೆ ಸಂಸತ್ತಿನ ಕೆಳಮನೆಯಲ್ಲಿ ಎಷ್ಟು ಸ್ಥಾನ ಎಂಬುದು ಜನಗಣತಿಯ ಲೆಕ್ಕದ ಮೇಲೆಯೇ ನಿಂತ ದೇಶ ಅದು. ಜನ ಹೆಚ್ಚುತ್ತಿದ್ದರು, ಒಂದು ಗಣತಿ ಮುಗಿಯುವ ಮೊದಲೇ ಇನ್ನೊಂದು ಬಂದುಬಿಡುವ ಭಯವಿತ್ತು.

ಇದಕ್ಕೊಂದು ಯಂತ್ರ ಬೇಕು ಎಂಬ ಸೂಚನೆ ಕೊಟ್ಟವರು ಡಾ. ಜಾನ್ ಶಾ ಬಿಲಿಂಗ್ಸ್. ಹಾಲೆರಿತ್ ಮೊದಲು ಉದ್ದನೆಯ ಕಾಗದದ ಪಟ್ಟಿಯಲ್ಲಿ ತೂತು ಹಾಕಿ ನೋಡಿದರು. ಆದರೆ ಪಟ್ಟಿಯ ನಡುವಿನ ಒಂದು ವಿವರ ಬೇಕೆಂದರೆ ಅಲ್ಲಿಯವರೆಗೆ ಎಲ್ಲವನ್ನೂ ಬಿಚ್ಚಬೇಕಿತ್ತು. ಆಗ ಪಟ್ಟಿ ಬಿಟ್ಟು ಒಬ್ಬರಿಗೆ ಒಂದು ಕಾರ್ಡ್ ಎಂದು ಮಾಡಿದರು. ರೈಲಿನ ಕಂಡಕ್ಟರ್ ಪ್ರಯಾಣಿಕನ ಗುರುತನ್ನು ಟಿಕೆಟ್ಟಿನಲ್ಲಿ ತೂತು ಹಾಕಿ ದಾಖಲಿಸುತ್ತಿದ್ದುದನ್ನು ಅವರು ನೋಡಿದ್ದರಂತೆ.

ಯಂತ್ರದ ಸೂಜಿಗಳು ಕಾರ್ಡಿನ ಮೇಲೆ ಇಳಿಯುತ್ತವೆ. ತೂತಿದ್ದಲ್ಲಿ ಸೂಜಿ ಕೆಳಗಿನ ಪಾದರಸವನ್ನು ಮುಟ್ಟಿ ವಿದ್ಯುತ್ ಹರಿಯುತ್ತದೆ, ಗಡಿಯಾರದಂಥ ಮುಖದ ಮುಳ್ಳು ಒಂದು ಹೆಜ್ಜೆ ಮುಂದೆ ಹೋಗುತ್ತದೆ. ನನಗೆ ಬಹಳ ಇಷ್ಟವಾದದ್ದು ಇದರ ಮುಂದಿನ ಭಾಗ. ತಂತಿಗಳನ್ನು ಮೊದಲೇ ಜೋಡಿಸಿಟ್ಟರೆ, ಒಂದೇ ಸುತ್ತಿನಲ್ಲಿ ಹಲವು ಪ್ರಶ್ನೆಗಳಿಗೆ ಎಣಿಕೆ ಸಿಗುತ್ತಿತ್ತು. ಮೂರು ಎಣಿಕೆಗಳಿಗೆ ಮೂರು ಬೇರೆ ಕ್ವೆರಿ ಬರೆದರೆ ದೊಡ್ಡ ಟೇಬಲ್ ಅನ್ನು ಮೂರು ಸಲ ಓದಬೇಕಾಗಬಹುದು, ಒಂದೇ 'ಗ್ರೂಪ್ ಬೈ' ಬರೆದರೆ ಒಮ್ಮೆ ಸಾಕು. ಇದು ಅದೇ ಉಪಾಯ. ಜೊತೆಗೆ ಪಕ್ಕದ ಪೆಟ್ಟಿಗೆಯಲ್ಲಿ ಸರಿಯಾದ ಖಾನೆಯ ಮುಚ್ಚಳ ತಾನೇ ತೆರೆಯುತ್ತಿತ್ತು, ಗುಮಾಸ್ತ ಕಾರ್ಡನ್ನು ಅದರಲ್ಲಿ ಹಾಕುತ್ತಿದ್ದ. ಹೀಗೆ ವಿಂಗಡಿಸಿದ ಮೇಲೆ ಮುಂದಿನ ಪ್ರಶ್ನೆಗೆ ಎಲ್ಲ ಕಾರ್ಡು ಬೇಡ, ಬೇಕಾದ ಕಟ್ಟು ಸಾಕು. ಇಂದಿನ ಇಂಡೆಕ್ಸ್ ಇಷ್ಟು ಸರಳವಲ್ಲ, ಆದರೂ ಬೇಡದ್ದನ್ನು ಓದದಿರುವುದೇ ಅಲ್ಲಿಯೂ ಗುರಿ.

1889ರಲ್ಲಿ ಮೂರು ವಿಧಾನಗಳ ನಡುವೆ ಪರೀಕ್ಷೆ ನಡೆಯಿತು. ಎಣಿಕೆಯ ಹಂತಕ್ಕೆ ಉಳಿದೆರಡು ವಿಧಾನಗಳು 44 ಗಂಟೆಗೂ ಹೆಚ್ಚು ತೆಗೆದುಕೊಂಡವು. ಹಾಲೆರಿತ್ ಯಂತ್ರಕ್ಕೆ ಸುಮಾರು ಐದೂವರೆ ಗಂಟೆ ಸಾಕಾಯಿತು. ಕಾರ್ಡಿಗೆ ತೂತು ಹಾಕಲು ಮಾತ್ರ ಅದಕ್ಕೂ 72 ಗಂಟೆ ಹಿಡಿಯಿತು. ಡೇಟಾ ಎಂಟ್ರಿಯ ಕಷ್ಟ ಅಂದೂ ಇತ್ತು! 1890ರ ಗಣತಿಯಲ್ಲಿ ಆರು ಕೋಟಿಗೂ ಮೀರಿದ ಜನರ ಒಟ್ಟು ಲೆಕ್ಕ ಕೆಲವೇ ತಿಂಗಳಲ್ಲಿ ಹೊರಬಂತು.

1896ರಲ್ಲಿ ಅವರು ಸ್ವಂತ ಕಂಪನಿ ತೆರೆದರು. ಯಂತ್ರಗಳನ್ನು ಮಾರದೆ ಬಾಡಿಗೆಗೆ ಕೊಡುತ್ತಿದ್ದರು. ಬಾಡಿಗೆ ಹೆಚ್ಚಾಯಿತೆಂದು ಗಣತಿ ಇಲಾಖೆಯೇ ಅವರಿಂದ ದೂರವಾಗಿ ಸ್ವಂತ ಯಂತ್ರ ಮಾಡಿಸಿಕೊಂಡಿತು. ಅಲ್ಲಿ ಅವರು ಸ್ವಲ್ಪ ಬಗ್ಗಬಹುದಿತ್ತು ಎಂದು ನನಗನಿಸುತ್ತದೆ. 1911ರಲ್ಲಿ ಕಂಪನಿಯನ್ನು ಮಾರಿದರು. ಇತರ ಕಂಪನಿಗಳೊಡನೆ ಸೇರಿದ ಅದೇ ಸಂಸ್ಥೆ 1924ರಲ್ಲಿ ಐಬಿಎಂ ಎಂಬ ಹೆಸರು ಪಡೆಯಿತು. ಹಾಲೆರಿತ್ 1929ರ ನವೆಂಬರ್ 17ರಂದು ವಾಷಿಂಗ್ಟನ್‌ನಲ್ಲಿ ತೀರಿಕೊಂಡರು. ಅದರ ಹಿಂದಿನ ವರ್ಷವಷ್ಟೇ ಐಬಿಎಂ 80 ಕಾಲಮ್‌ಗಳ ಹೊಸ ಕಾರ್ಡನ್ನು ಹೊರತಂದಿತ್ತು.