ನಿದ್ರೆಯ ಒಳಗುಟ್ಟಿಗೆ ದಾರಿ ತೆರೆದ ಹಾನ್ಸ್ ಬರ್ಗರ್

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ರೆ ಎಂಬುದು ನಮ್ಮಲ್ಲಿ ರೂಢಿಯ ಮಾತು. ಆದರೆ ನಿದ್ರೆಗೆ ಚಿಂತೆಯೊಂದೇ ಶತ್ರುವಲ್ಲ. ರಾತ್ರಿಯಿಡೀ ಗೊರಕೆ ಹೊಡೆದು ಹಗಲೆಲ್ಲ ತೂಕಡಿಸುವವರಿದ್ದಾರೆ; ಮಾತಾಡುತ್ತಿದ್ದಂತೆಯೇ ನಿದ್ರೆಗೆ ಜಾರುವವರೂ ಇದ್ದಾರೆ. ಇಂಥವರನ್ನು ಸೋಮಾರಿಗಳೆಂದು ಹಳಿದವರೇ ಹೆಚ್ಚು. ಅದು ಸೋಮಾರಿತನವಲ್ಲ, ರೋಗ ಎಂದು ಕಾಗದದ ಮೇಲೆ ಗೆರೆಗಳಲ್ಲಿ ತೋರಿಸಲು ಸಾಧ್ಯವಾದುದು ಜರ್ಮನಿಯ ವೈದ್ಯ ಹಾನ್ಸ್ ಬರ್ಗರ್ ಅವರ ಶೋಧನೆಯಿಂದ.

ಬರ್ಗರ್ ಹುಟ್ಟಿದ್ದು 1873ರ ಮೇ 21ರಂದು, ಕೋಬುರ್ಗ್ ನಗರದ ಸಮೀಪದ ನೋಯ್ಸೆಸ್ ಎಂಬಲ್ಲಿ. ತಂದೆ ವೈದ್ಯರು. ತಾಯಿಯ ತಂದೆ ಪ್ರಸಿದ್ಧ ಕವಿ ಫ್ರೀಡ್ರಿಶ್ ರೂಕರ್ಟ್. ನಮ್ಮ ನಳದಮಯಂತಿಯ ಕಥೆಯನ್ನೂ ಜಯದೇವನ ಗೀತಗೋವಿಂದವನ್ನೂ ಜರ್ಮನ್ ಭಾಷೆಗೆ ತಂದ ವಿದ್ವಾಂಸರು.

ಬಾಲಕ ಬರ್ಗರ್ ಅವರಿಗೆ ನಕ್ಷತ್ರಗಳ ಮೇಲೆ ಒಲವು. ಖಗೋಳಶಾಸ್ತ್ರಜ್ಞನಾಗಬೇಕೆಂದು ಯೇನಾ ವಿಶ್ವವಿದ್ಯಾಲಯ ಸೇರಿದರೂ ಓದು ರುಚಿಸದೆ ಸೈನ್ಯದ ಒಂದು ವರ್ಷದ ಸೇವೆಗೆ ಹೋದರು. ಅಲ್ಲಿ ಒಂದು ದಿನ ಅವರ ಕುದುರೆ ಬೆದರಿ ಮುಂಗಾಲೆತ್ತಿತು. ಕೆಳಗೆ ಬಿದ್ದವರು ಫಿರಂಗಿ ಗಾಡಿಯ ಚಕ್ರದಡಿ ಸಿಗದೆ ಕೂದಲೆಳೆಯಷ್ಟರಲ್ಲಿ ಬದುಕಿಕೊಂಡರು. ಅದೇ ಸಂಜೆ ತಂದೆಯಿಂದ ಕ್ಷೇಮ ವಿಚಾರಿಸಿ ತಂತಿ ಬಂತು. ತಮ್ಮನಿಗೆ ಏನೋ ಅಪಾಯವಾಗಿದೆಯೆಂದು ದೂರದ ಊರಿನಲ್ಲಿದ್ದ ಅಕ್ಕ ಹಟ ಹಿಡಿದು ಕಳುಹಿಸಿದ್ದ ತಂತಿ ಅದು. ಮನಸ್ಸಿನ ಶಕ್ತಿ ದೇಹದಿಂದ ಹೊರಗೆ ಹೇಗೆ ಹರಿದೀತು ಎಂಬ ಪ್ರಶ್ನೆ ಅಂದಿನಿಂದ ಅವರನ್ನು ಬಿಡಲಿಲ್ಲ. ಅವರು ವೈದ್ಯಶಾಸ್ತ್ರಕ್ಕೆ ತಿರುಗಿದರು. 1897ರಲ್ಲಿ ಯೇನಾದ ಮಾನಸಿಕ ಚಿಕಿತ್ಸಾಲಯವನ್ನು ಸೇರಿ, 1919ರಲ್ಲಿ ಅದರ ಮುಖ್ಯಸ್ಥರಾದರು.

ಪ್ರಾಣಿಗಳ ಮಿದುಳಿನಲ್ಲಿ ವಿದ್ಯುತ್ತಿದೆಯೆಂದು ಇಂಗ್ಲೆಂಡಿನ ರಿಚರ್ಡ್ ಕ್ಯಾಟನ್ 1875ರಲ್ಲೇ ತೋರಿಸಿದ್ದರು. ಮನುಷ್ಯನ ಮಿದುಳಿನಲ್ಲಿ ಅದನ್ನು ಅಳೆಯುವುದು ಬರ್ಗರ್ ಅವರ ಹಂಬಲ. ತಲೆಯ ಮೇಲ್ಮೈಯಲ್ಲಿ ಸಿಗುವ ಆ ವಿದ್ಯುತ್ತು ವೋಲ್ಟಿನ ಲಕ್ಷದ ಕೆಲವೇ ಪಾಲಿನಷ್ಟು ಕ್ಷೀಣವಾದುದು. ಹಗಲಿನ ಕರ್ತವ್ಯ ಮುಗಿಸಿ, ಹೆಚ್ಚಾಗಿ ಯಾರಿಗೂ ಹೇಳದೆ ಅವರು ಪ್ರಯೋಗ ನಡೆಸುತ್ತಿದ್ದರು. 1924ರ ಜುಲೈ 6ರಂದು ಶಸ್ತ್ರಚಿಕಿತ್ಸೆಗೆ ಒಳಗಾಗುತ್ತಿದ್ದ 17 ವರ್ಷದ ಹುಡುಗನೊಬ್ಬನ ತಲೆಯಿಂದ ಮೊದಲ ಬಾರಿಗೆ ಆ ಕಂಪನ ಸಿಕ್ಕಿತು. ಆದರೂ ಅವರಿಗೆ ತಮ್ಮ ಕಣ್ಣನ್ನೇ ನಂಬಲಾಗಲಿಲ್ಲ. ರಕ್ತನಾಡಿಯ ಮಿಡಿತವೋ, ಉಪಕರಣದ ದೋಷವೋ ಎಂದು ಐದು ವರ್ಷ ಪರೀಕ್ಷಿಸಿದರು. ಮಗ ಕ್ಲೌಸನ ತಲೆಗೂ ತಂತಿ ಕಟ್ಟಿ ನೋಡಿದರು. 1929ರಲ್ಲಿ ಲೇಖನ ಪ್ರಕಟವಾಯಿತು. ಕಣ್ಣು ಮುಚ್ಚಿ ಸುಮ್ಮನಿದ್ದಾಗ ಸೆಕೆಂಡಿಗೆ ಸುಮಾರು ಹತ್ತು ಅಲೆಗಳು. ಕಣ್ಣು ತೆರೆದರೆ ಅವು ಮಾಯ.

ವಿದ್ವಾಂಸರು ಹೆಚ್ಚಿನ ಲಕ್ಷ್ಯ ಕೊಡಲಿಲ್ಲ. 1934ರಲ್ಲಿ ಕೇಂಬ್ರಿಡ್ಜಿನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ಅದನ್ನು ದೃಢಪಡಿಸಿದ ಮೇಲೆಯೇ ಕೀರ್ತಿ ಬಂದದ್ದು.

ಈ ಜೀವನಕ್ಕೆ ಕಪ್ಪು ಮಗ್ಗುಲೂ ಇದೆ. ನಾಝಿಗಳು ಅವರನ್ನು ಪೀಡಿಸಿದರೆಂಬ ಕಥೆ ಬಹುಕಾಲ ಪ್ರಚಾರದಲ್ಲಿತ್ತು. ಆದರೆ ಮನೋರೋಗಿಗಳು ಮೊದಲಾದವರಿಗೆ ಬಲವಂತದ ಸಂತಾನಹರಣ ವಿಧಿಸುತ್ತಿದ್ದ ನಾಝಿ ನ್ಯಾಯಮಂಡಳಿಯಲ್ಲಿ ಅವರೂ ಕುಳಿತಿದ್ದರೆಂದು ಕಡತಗಳಿಂದ ಆಮೇಲೆ ತಿಳಿದುಬಂತು. 1938ರಲ್ಲಿ ನಿವೃತ್ತರಾದ ಅವರು ಖಿನ್ನತೆಗೆ ಒಳಗಾಗಿ 1941ರ ಜೂನ್ 1ರಂದು ತಮ್ಮ ಕೈಯಾರೆ ಜೀವನ ಮುಗಿಸಿಕೊಂಡರು. ಮನೋರೋಗಗಳ ವೈದ್ಯರು ಮನೋರೋಗಕ್ಕೇ ಬಲಿಯಾದುದು ವಿಧಿಯ ವೈಚಿತ್ರ್ಯ.

ಅವರು ಬಿಟ್ಟುಹೋದ ಗೆರೆಗಳು ಮಾತ್ರ ಬೆಳೆದವು. ಅಮೆರಿಕದ ಲೂಮಿಸ್ 1930ರ ದಶಕದಲ್ಲಿ ಅವುಗಳಿಂದ ನಿದ್ರೆಯ ಹಂತಗಳನ್ನು ಗುರುತಿಸಿದರು. 1953ರಲ್ಲಿ ಶಿಕಾಗೋದ ಆಸರಿನ್‌ಸ್ಕಿ ಮತ್ತು ಕ್ಲೈಟ್‌ಮನ್, ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗಳು ಓಡಾಡುವ, ಕನಸು ದಟ್ಟವಾಗಿರುವ ನಿದ್ರೆಯನ್ನು ಕಂಡರು. ಇಂದು ನಿದ್ರಾ ಚಿಕಿತ್ಸಾಲಯದಲ್ಲಿ ರೋಗಿಯನ್ನು ಒಂದು ರಾತ್ರಿ ಮಲಗಿಸಿ, ತಲೆ, ಕಣ್ಣು, ಗಲ್ಲಗಳಿಗೆ ತಂತಿ, ಎದೆಗೆ ಪಟ್ಟಿ, ಬೆರಳಿಗೆ ಆಮ್ಲಜನಕದ ಮಾಪಕ ಕಟ್ಟುತ್ತಾರೆ. ಹತ್ತು ಸೆಕೆಂಡಿಗೂ ಮಿಕ್ಕಿ ಉಸಿರು ನಿಲ್ಲುವುದು ಅಥವಾ ತೀರ ಕುಗ್ಗುವುದು ಗಂಟೆಗೆ ಐದು ಬಾರಿಗಿಂತ ಹೆಚ್ಚಾದರೆ ಗಮನಿಸಬೇಕು. 30 ಮೀರಿದರೆ ತೀವ್ರ. ಇದಕ್ಕೆ ಮೂಗಿನ ಮೂಲಕ ಒತ್ತಡದ ಗಾಳಿ ಕೊಡುವ ಯಂತ್ರವನ್ನು 1981ರಲ್ಲಿ ಬಳಕೆಗೆ ತಂದವರು ಆಸ್ಟ್ರೇಲಿಯದ ಕಾಲಿನ್ ಸಲ್ಲಿವನ್.

ಈ ಪರೀಕ್ಷೆಗೆ ಈಗ ವಿದೇಶಕ್ಕೆ ಹೋಗಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆ ಸೌಕರ್ಯವಿದೆ. ಏರ್ಕಾಡಿನ ಬೆಟ್ಟದವರಾಗಲಿ, ಕಾಸರಗೋಡಿನ ನಮ್ಮವರಾಗಲಿ, ಜೋರು ಗೊರಕೆಯ ನಡುವೆ ಉಸಿರು ಕಟ್ಟುವವರು ಸ್ವಂತ ಬುದ್ಧಿಯಿಂದ ನಿದ್ರೆಮಾತ್ರೆ ನುಂಗಬಾರದು; ಅದರಿಂದ ಅಪಾಯ ಹೆಚ್ಚೀತು. ವೈದ್ಯರಲ್ಲಿಗೆ ಹೋಗುವಾಗ ಪಕ್ಕದಲ್ಲಿ ಮಲಗುವವರನ್ನೂ ಕರೆದೊಯ್ಯಬೇಕು. ಮಲಗಿದವನಿಗೆ ತನ್ನ ರೋಗ ತಿಳಿಯದು. ಎಚ್ಚರವಿದ್ದು ಕಂಡವರೇ ಅದಕ್ಕೆ ಸಾಕ್ಷಿ.