ಶರೀರ ಸೋತರೂ ವ್ರತ ಸೋಲಲಿಲ್ಲ

ಚಾರಿತ್ರಚಕ್ರವರ್ತಿ ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರು 1872ರಲ್ಲಿ ಜನಿಸಿದರು. ಗೃಹಸ್ಥಾಶ್ರಮದ ಹೆಸರು ಸಾತಗೌಡ. ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಪಾಟೀಲ ಮನೆತನ ಅವರದು. ಬಾಲ್ಯದಿಂದಲೂ ಅವರದು ವಜ್ರದಂತಹ ಶರೀರ. ವೇದಗಂಗಾ-ದೂಧಗಂಗಾ ಸಂಗಮದಲ್ಲಿ ಮುನಿಗಳನ್ನು ಹೆಗಲ ಮೇಲೆ ಕುಳ್ಳಿರಿಸಿಕೊಂಡು ನದಿ ದಾಟಿಸುತ್ತಿದ್ದರೆಂಬುದು ಜನಜನಿತವಾದ ಸಂಗತಿ.

1920ರಲ್ಲಿ ಯರನಾಳದಲ್ಲಿ ಮುನಿದೀಕ್ಷೆ. 1924ರಲ್ಲಿ ಸಮಡೋಳಿಯಲ್ಲಿ ಆಚಾರ್ಯಪದ. ಕ್ಷೀಣವಾಗಿದ್ದ ದಿಗಂಬರ ಮುನಿಪರಂಪರೆಗೆ ಅವರಿಂದ ಮತ್ತೆ ಚೈತನ್ಯ ಬಂದಿತು. ದಕ್ಷಿಣದಿಂದ ಸಮ್ಮೇದ ಶಿಖರಜಿಯವರೆಗೆ, ಅಲ್ಲಿಂದ ಉತ್ತರದ ನಗರಗಳಿಗೆ ಬರಿಗಾಲಿನಲ್ಲಿಯೇ ವಿಹಾರ ಮಾಡಿದರು. ಅವರ ಜೀವನದಲ್ಲಿ ಉಪವಾಸದ ದಿನಗಳು ಸಾವಿರಗಳನ್ನು ಮೀರಿದವು.

ಅಂತಹ ದೇಹವನ್ನೂ ಜರೆ ಬಿಡಲಿಲ್ಲ. ಎಂಬತ್ತು ಕಳೆದ ಮೇಲೆ ದೃಷ್ಟಿ ಮಂದವಾಯಿತು. ಇನ್ನೊಬ್ಬರ ಆಸರೆಯಿಲ್ಲದೆ ನಡೆಯುವುದು ಕಷ್ಟವಾಯಿತು. ಗೃಹಸ್ಥನಿಗೆ ಇಂತಹ ಸ್ಥಿತಿಯಲ್ಲಿ ಊರುಗೋಲುಂಟು, ಮಕ್ಕಳ ಕೈಯುಂಟು. ಮುನಿಗಾದರೋ ಕಣ್ಣು ಕಾಲುಗಳು ವ್ರತದ ಸಾಧನಗಳು. ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿ ಹೆಜ್ಜೆಯಿಡುವುದೇ ಈರ್ಯಾಸಮಿತಿ. ಆಸರೆಯಿಲ್ಲದೆ ನಿಂತು, ಅಂಜಲಿಯಲ್ಲಿ ಬಂದ ಆಹಾರವನ್ನು ಶೋಧಿಸಿ ಸ್ವೀಕರಿಸುವುದು ಮೂಲಗುಣ. ಕಾಣದ ಕಣ್ಣಿನಿಂದ ಸೂಕ್ಷ್ಮಜೀವಿಗಳ ರಕ್ಷಣೆ ಹೇಗಾದೀತು? ಪ್ರತೀಕಾರವಿಲ್ಲದ ವೃದ್ಧಾಪ್ಯದಲ್ಲಿ ಸಲ್ಲೇಖನೆಯನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿಧಿಸಿದ್ದಾರೆ.

1955ರ ಆಗಸ್ಟ್‌ನಲ್ಲಿ ಕುಲಭೂಷಣ-ದೇಶಭೂಷಣರ ಮೋಕ್ಷಸ್ಥಾನವಾದ ಕುಂಥಲಗಿರಿಯಲ್ಲಿ ಮಹಾರಾಜರು ಯಮಸಲ್ಲೇಖನೆಯನ್ನು ಸ್ವೀಕರಿಸಿದರು. ಆಚಾರ್ಯಪದವನ್ನು ಜಯಪುರದಲ್ಲಿದ್ದ ಶಿಷ್ಯ ವೀರಸಾಗರರಿಗೆ ಒಪ್ಪಿಸಿದರು. ಮೊದಲು ಆಹಾರತ್ಯಾಗ, ಕೊನೆಗೆ ಜಲತ್ಯಾಗ. ಸೆಪ್ಟೆಂಬರ್ 8ರಂದು ಮರಾಠಿಯಲ್ಲಿ ಅಂತಿಮ ಉಪದೇಶವಿತ್ತರು. ಅದು ಧ್ವನಿಮುದ್ರಿತವಾಗಿ ಉಳಿದಿದೆ. ಸೆಪ್ಟೆಂಬರ್ 18, ಭಾದ್ರಪದ ಶುಕ್ಲ ದ್ವಿತೀಯೆಯ ಬೆಳಗ್ಗೆ ಸಮಾಧಿಸ್ಥರಾದರು.

ಇದು ಬೇಸತ್ತು ಬದುಕನ್ನು ನೂಕಿದ ಕತೆಯಲ್ಲ. ಜೀವನವೆಲ್ಲ ವ್ರತದಲ್ಲಿ ಪಳಗಿದವರು, ಜೀವಿತದ ಆಸೆಯನ್ನೂ ಮರಣದ ಆಸೆಯನ್ನೂ ಬಿಟ್ಟು, ಸಂಘದ ಸಮ್ಮುಖದಲ್ಲಿ ಕೈಗೊಂಡ ಮಹಾವ್ರತಿಯ ವ್ರತವಿದು. ಶ್ರಾವಕರ ಮನೆಯ ವೃದ್ಧರಿಗೆ ಬೇಕಾದುದು ಶುಶ್ರೂಷೆ, ಔಷಧ, ಆದರ. ಕಣ್ಣು ಮಂಜಾದ ತಾಯಿಯನ್ನು ಕೈಹಿಡಿದು ಬಸದಿಗೆ ಕರೆದೊಯ್ಯುವುದು, ಓದಲಾಗದ ತಂದೆಗೆ ಸ್ವಾಧ್ಯಾಯ ಕೇಳಿಸುವುದು ವೈಯಾವೃತ್ಯವೇ. ಉಪವಾಸ ಸಾಗದವರು ಏಕಾಶನ ಮಾಡಲಿ. ಅದೂ ಆಗದವರು ಒಂದು ರಸವನ್ನು ತ್ಯಜಿಸಲಿ. ಶಕ್ತಿಯನ್ನು ಮರೆಮಾಚದೆ, ಶಕ್ತಿಯನ್ನು ಮೀರದೆ ಮಾಡಿದ ತ್ಯಾಗವೇ ತಪಸ್ಸು.